ಅಕ್ಕನ ಸಿಆರ್‌ಪಿ

ಮಾರ್ಚ್ 4, ಬೆಳಿಗ್ಗೆ

ನಾನು ಕೆಲಸ ಮಾಡುವ ಆಸ್ಪತ್ರೆ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಅಕ್ಕನ ರಕ್ತವನ್ನು ಮೆಷಿನ್ನಿಗೆ ಹಾಕಿ ನೋಡಿದೆ. ಸಿಆರ್‌ಪಿ — ಮೈಯ ಉರಿಯೂತದ ಅಳತೆ — ಬರೀ 1.2. ಥೂ. ಮೂರು ದಾಟಿದ್ದರೆ ಅಕ್ಕನನ್ನು ನೋಡುವ ಡಾಕ್ಟರಮ್ಮ ತಮ್ಮ ಔಷಧ ಪ್ರಯೋಗದ ಸ್ಟಡಿಗೆ ತೆಗೆದುಕೊಳ್ಳುತ್ತಿದ್ದರು — ಮೈಯಲ್ಲಿ ಉರಿಯೂತವಿರುವ ಖಿನ್ನತೆಯವರಿಗೆ, ಮಾಮೂಲಿ ಮಾತ್ರೆಯ ಜೊತೆ ಉರಿಯೂತ ಇಳಿಸುವ ಮಾತ್ರೆ. ಕೆಲವರಿಗೆ ಹಿಡಿಸಬಹುದು, ಇನ್ನೂ ಗೊತ್ತಿಲ್ಲ ಎನ್ನುತ್ತಾರೆ. ಮುಳುಗುವವರಿಗೆ ಹುಲ್ಲುಕಡ್ಡಿಯೇ ಆಸರೆ. ಗಣಿತದ ಟೀಚರ್ ನಮ್ಮಕ್ಕ, ಏಳು ತಿಂಗಳಿಂದ ಗೋಡೆ ನೋಡುತ್ತ ಮಲಗಿದ್ದಾಳೆ.

ಮಾರ್ಚ್ 19

ಅಕ್ಕನ ಕೆನ್ನೆ ಊದಿದೆ. ದವಡೆ ಹಲ್ಲು, ಕೀವು. ಡೆಂಟಿಸ್ಟ್ ಹತ್ತಿರ ಹೊರಡಲು ಚಪ್ಪಲಿ ಮೆಟ್ಟಿದವಳು ನಿಂತುಬಿಟ್ಟೆ. ಕೀವಿದ್ದರೆ ಸಿಆರ್‌ಪಿ ಏರುತ್ತದೆ. ಲ್ಯಾಬಿನವಳಿಗೆ ಯಾರು ಹೇಳಿಕೊಡಬೇಕು?

“ಸೋಮವಾರ ರಕ್ತ ಕೊಟ್ಟು ಆಮೇಲೆ ಹಲ್ಲು ತೋರಿಸೋಣ. ತಡ್ಕೋತೀಯಾ ಅಕ್ಕ?”

“ಮೂರು ದಿನ ತಾನೇ,” ಎಂದಳು. “ನೋವಾದ್ರೂ ಗೊತ್ತಾಗ್ತಿದೆಯಲ್ಲ, ಬಿಡು.”

ಮಾರ್ಚ್ 22

9.4. ಫಾರ್ಮಿನಲ್ಲಿ ‘ಸದ್ಯ ಸೋಂಕು ಇದೆಯೇ?’ ಎಂಬಲ್ಲಿ ಅಕ್ಕನಿಂದ ‘ಇಲ್ಲ’ ಎಂದು ಬರೆಸಿದೆ. ಮಾಸ್ಕ್ ಹಾಕಿಸಿದ್ದೆ, ಊತ ಕಾಣಲಿಲ್ಲ. ಡಾಕ್ಟರಮ್ಮ ಸೇರಿಸಿಕೊಂಡರು. ಮಧ್ಯಾಹ್ನವೇ ಹಲ್ಲು ಕೀಳಿಸಿದೆ. ತಪ್ಪೆಂದು ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಏಪ್ರಿಲ್ 15

“ಟೀಗೆ ಇಷ್ಟು ಸಕ್ಕರೆ ಸುರಿದಿದೀಯಲ್ಲೇ, ನನಗೆ ಶುಗರ್ ಟೆಸ್ಟೂ ಮಾಡೋ ಆಸೆನಾ?”

ಅಕ್ಕ ಬೈದಳು. ಬೈಸಿಕೊಂಡು ಎಷ್ಟು ದಿನವಾಗಿತ್ತು... ಮಾತ್ರೆ ಅಸಲಿಯೋ ಪೊಳ್ಳೋ ಡಾಕ್ಟರಮ್ಮನಿಗೂ ಗೊತ್ತಿಲ್ಲ, ಸ್ಟಡಿಯ ನಿಯಮವೇ ಹಾಗೆ. ಏನಾದರಾಗಲಿ. ಅಡುಗೆಮನೆಗೆ ಹೋಗಿ ಅತ್ತುಬಂದೆ.

ಮೇ 6

ಬಚ್ಚಲಲ್ಲಿ ಕುಸಿದಳು. ಹೊಟ್ಟೆಯೊಳಗೆ ರಕ್ತಸ್ರಾವ. ಹತ್ತು ದಿನದಿಂದ ಹೊಟ್ಟೆ ಉರಿ ಇತ್ತಂತೆ. ಯಾಕೆ ಹೇಳಲಿಲ್ಲ ಎಂದರೆ —

“ಅಷ್ಟು ಕಷ್ಟಪಟ್ಟು ಸೇರಿಸಿದ್ದೆ ನೀನು. ಹೇಳಿದ್ರೆ ನಿಲ್ಲಿಸಿಬಿಡ್ತಾರೇನೋ ಅಂತ.”

ಯಾರಿಗೆ ಯಾವ ಮಾತ್ರೆ ಎಂದು ಮುಚ್ಚಿಟ್ಟಿದ್ದ ಕೋಡ್ ತೆರೆದು ನೋಡಿದರು. ಅಸಲಿ ಮಾತ್ರೆಯೇ, ಹೊಟ್ಟೆ ಹುಣ್ಣು ಮಾಡಿದ್ದೂ ಅದೇ. ಅವಳಿಗೆ ಬೇಕೇ ಇರಲಿಲ್ಲವೇನೋ. ಕೈಯಾರೆ ನುಂಗಿಸಿದೆ.

ಮೇ 10, ಮಧ್ಯಾಹ್ನ 2.15

ಅಕ್ಕ ಎದ್ದು ಕೂತಿದ್ದಾಳೆ. ಡಾಕ್ಟರಮ್ಮ ವರಾಂಡಕ್ಕೆ ಕರೆದರು. ಮನೆಯಿಂದ ತಂದ ಕಾಗದಗಳ ನಡುವೆ ಡೆಂಟಿಸ್ಟ್ ಚೀಟಿ ಸಿಕ್ಕಿದೆ. ತಾರೀಖು ಮಾರ್ಚ್ 22. ಸ್ಟಡಿಗೆ ಸೇರಿಸಿಕೊಂಡ ದಿನವೇ.

“ನಿಮ್ಮ ಅಕ್ಕನ್ನ ಕೇಳಿದೆ. ಹಲ್ಲುನೋವು ನಾನೇ ಮುಚ್ಚಿಟ್ಟೆ, ತಂಗಿಗೂ ಗೊತ್ತಿರಲಿಲ್ಲ ಅಂದ್ರು. ಹೌದಾ?”

“ಹೂಂ ಮೇಡಂ.”

ಬಾಯಿ ತಾನಾಗಿ ಆಡಿತು.

“ಹೊಟ್ಟೆ ಉರಿ ಮುಚ್ಚಿಟ್ರು, ಇದನ್ನೂ ಮುಚ್ಚಿಟ್ರು. ಇನ್ಮೇಲೆ ಅವರು ಚೆನ್ನಾಗಿದೀನಿ ಅಂದ್ರೂ ನಂಬೋಕಾಗಲ್ಲ, ನೋವಿದೆ ಅಂದ್ರೂ ನಂಬೋಕಾಗಲ್ಲ.” ಹಾಗೆಯೇ ಫೈಲಿನಲ್ಲಿ ಬರೆದುಕೊಂಡರು.

2.45

ವಾರ್ಡಿಗೆ ಹೋಗಿ ಅಕ್ಕನ ಕೈ ಹಿಡಿದೆ.

“ಸುಮ್ನಿರು ಕಣೇ. ನಿನ್ನ ಕೆಲಸ ಹೋದ್ರೆ ಇಬ್ಬರ ಗತಿ ಏನು? ಹುಚ್ಚಿ ಅನ್ನಿಸ್ಕೊಂಡಾಗಿದೆ, ಸುಳ್ಳುಬುರುಕಿ ಅಂತ ಇನ್ನೊಂದು ಸೇರಲಿ.” ನಕ್ಕಳು.

ನನಗೆ ನಗು ಬರಲಿಲ್ಲ. ‘ಹೂಂ’ ಅಂದಾಗ ಒಂದು ಗಳಿಗೆ ಮನಸ್ಸು ಹಗುರಾಗಿತ್ತು. ಕೆಲಸ ಉಳಿಯಿತಲ್ಲ ಎಂದು. ಅದನ್ನು ನೆನೆದರೆ ನನ್ನ ಮೇಲೆಯೇ ಅಸಹ್ಯ.

ಡಾಕ್ಟರಮ್ಮ ಮೂರಕ್ಕೆ ಹೊರಡುತ್ತಾರೆ. ಅವರ ರೂಮಿನ ಹೊರಗೆ ಬೆಂಚಿನಲ್ಲಿ ಕೂತಿದ್ದೇನೆ. ಹೇಳಬೇಕಾದ ಮಾತು ಒಂದೇ — ‘ನನಗೆ ಗೊತ್ತಿತ್ತು ಮೇಡಂ, ತಡ್ಕೋ ಅಂದವಳೂ ನಾನೇ.’ ಬರೆದು ಓದಿಕೊಳ್ಳುತ್ತಿದ್ದೇನೆ, ಬಾಯಿ ಮತ್ತೆ ಬೇರೇನೋ ಆಡದಿರಲಿ ಎಂದು.

ಬಾಗಿಲು ತೆರೆಯಿತು. ಹೆಗಲಿಗೆ ಬ್ಯಾಗು. ನನ್ನನ್ನು ನೋಡಿ ನಿಂತರು. ಏನು ಅಂತ ಕೇಳ್ತಿದ್ದಾರೆ. ಪೆನ್ನು ಮುಚ್ಚುತ್ತೇನೆ —