ಹಿಂದಿನ ಕಂಬಿ

ನಾಲ್ಕನೇ ಮಹಡಿಯ ಮನೆ,
ಮಂಗಳವಾರ, ಹನ್ನೊಂದನೇ ತಾರೀಖು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೇ? ಹಸಿವಾದರೆ ಸಿಟ್ಟು, ಸಿಟ್ಟು ಬಂದರೆ ಊಟ ಬಿಡುವುದು, ಚಿಕ್ಕಂದಿನಿಂದ ನಿನ್ನದು ಇದೇ ಕಥೆ. ಅಲ್ಲಿ ನಿನ್ನನ್ನು ಗದರಿಸಿ ತಟ್ಟೆಯ ಮುಂದೆ ಕೂರಿಸುವವರು ಯಾರೂ ಇಲ್ಲ. ಬೆನ್ನು ನೋವೆಂದು ಬರೆದಿದ್ದೀಯ. ಗೋದಾಮಿನಲ್ಲಿ ಮೂಟೆ ಹೊರುವುದು ನಿನ್ನ ಕಸುಬಲ್ಲ ಮಾರಾಯ. ಹೊರಲೇಬೇಕಾದರೆ ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು. ಎರಡೂ ಮಂಡಿ ನೆಟ್ಟಗಿರುವವರು ಅದರ ಲಾಭ ಪಡೆಯಬೇಕು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ, ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ಕಾಲೊಂದನ್ನು ಬಿಟ್ಟರೆ ನಾನೂ ಗಟ್ಟಿಮುಟ್ಟಾಗಿದ್ದೇನೆ.

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ನೀನು ಮನೆ ಬಿಟ್ಟ ಹದಿನಾಲ್ಕು ತಿಂಗಳಲ್ಲಿ ಬರೆದ ಮೊದಲ ಪತ್ರ ಅದು, ಅದಕ್ಕೂ ಅಣ್ಣ ತಕ್ಷಣ ಉತ್ತರ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಪುರುಸೊತ್ತಿರಲಿಲ್ಲ ಎಂದರೆ ನೀನು ನಗುತ್ತೀಯ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ, ನನ್ನ ಓಡಾಟ ಇಷ್ಟೇ. ನೀನು ಎರಡು ವಿಷಯ ಕೇಳಿದ್ದೀಯ. ಕಾಲು ಹೇಗಿದೆ ಎಂಬುದು ಒಂದು. ನಿನ್ನನ್ನು ಕ್ಷಮಿಸಿದ್ದೇನೆಂದು ನಾನು ಒಂದು ಸಾಲು ಬರೆಯಬೇಕು, ಅದನ್ನು ಓದಿದರೆ ನಿನಗೆ ನಿದ್ದೆ ಬರುತ್ತದೆ ಎಂಬುದು ಇನ್ನೊಂದು. ಮೊದಲು ಕಾಲಿನ ವಿಷಯ ಹೇಳಿಬಿಡುತ್ತೇನೆ, ಅದೇ ಸುಲಭ.

ನೀನು ಹೋಗುವಾಗ ಮೊಣಕಾಲ ಕೆಳಗಿನ ಮೂಳೆಗೆ ಎಂಟು ಸ್ಕ್ರೂ ಹಾಕಿ ಉಕ್ಕಿನ ಪ್ಲೇಟ್ ಕೂರಿಸಿದ್ದರಲ್ಲ, ನಾಲ್ಕು ತಿಂಗಳಲ್ಲಿ ಮೂಳೆ ಕೂಡುತ್ತದೆ ಎಂದಿದ್ದರು. ಕೂಡಲಿಲ್ಲ. ಪ್ರತಿ ಎಕ್ಸ್-ರೇಯಲ್ಲೂ ಅದೇ ಜಾಗದಲ್ಲಿ ಪೆನ್ಸಿಲ್ಲಿನಿಂದ ಗೀಚಿದ ಹಾಗೆ ಒಂದು ಕಪ್ಪು ಗೆರೆ. ಐದನೇ ತಿಂಗಳಲ್ಲಿ ಬಚ್ಚಲಿಗೆ ಹೋಗಿ ಬರುವಾಗ ಪ್ಲೇಟೇ ಮುರಿಯಿತು. ಉಕ್ಕು ಹೇಗೆ ಮುರಿಯುತ್ತದೆ ಎಂದು ಅಮ್ಮ ನಂಬಲೇ ಇಲ್ಲ, ನೀನಾದರೆ ನಂಬುತ್ತೀಯ. ಒಂದೇ ಕಡೆ ದಿನವೂ ಅಷ್ಟಷ್ಟು ಬಗ್ಗಿದರೆ ಯಾವ ಉಕ್ಕೂ ಉಳಿಯುವುದಿಲ್ಲ. ಎರಡನೇ ಸಲ ಸೊಂಟದ ಮೂಳೆಯಿಂದ ಸ್ವಲ್ಪ ಕೆರೆದು ತೆಗೆದು ಆ ಬಿರುಕಿಗೆ ತುಂಬಿದರು. ಅದಕ್ಕೆ ಕೀವು ಬಿತ್ತು. ಮೂರನೇ ಸಲ ಕೆಟ್ಟ ಮೂಳೆಯನ್ನೆಲ್ಲ ಕತ್ತರಿಸಿ ತೆಗೆದರು. ನಿನ್ನ ಅಣ್ಣನ ಕಾಲಿನಲ್ಲಿ ಈಗ ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಮೂಳೆಯೇ ಇಲ್ಲ.

ಆ ಖಾಲಿ ಜಾಗ ತುಂಬಿಸಲು ಮಾಡಿರುವ ಏರ್ಪಾಡನ್ನು ನೀನು ನೋಡಬೇಕಿತ್ತು. ಕಾಲಿನ ಸುತ್ತ ನಾಲ್ಕು ಉಕ್ಕಿನ ಬಳೆ. ಬಳೆಯಿಂದ ಬಳೆಗೆ ಸ್ಕ್ರೂವಿನ ಹಾಗೆ ಸುತ್ತುಗೆರೆ ಕೊರೆದ ಕಂಬಿಗಳು, ಅವುಗಳ ಮೇಲೆ ನಟ್ಟು. ಬಳೆಗಳಿಂದ ಸಣ್ಣ ತಂತಿಗಳು ಚರ್ಮ, ಮಾಂಸ, ಮೂಳೆ ಎಲ್ಲವನ್ನೂ ತೂರಿ ಆ ಕಡೆ ಹೊರಬಂದಿವೆ. ಮೇಲುಗಡೆ ಚೆನ್ನಾಗಿರುವ ಮೂಳೆಯನ್ನು ಇನ್ನೊಂದು ಕಡೆ ಕತ್ತರಿಸಿದ್ದಾರೆ. ಚೆನ್ನಾಗಿರುವುದನ್ನೂ ಕತ್ತರಿಸಬೇಕು ಎಂದು ಡಾಕ್ಟರು ಹೇಳಿದಾಗ, "ನಿಮ್ಮ ತಲೆ ನೆಟ್ಟಗಿದೆಯಾ ಡಾಕ್ಟ್ರೇ" ಎಂದು ಅಮ್ಮ ಅವರ ಮುಖಕ್ಕೇ ಕೇಳಿದಳು. ಕತ್ತರಿಸಿದ ಆ ತುಂಡನ್ನು ನಟ್ಟು ತಿರುಗಿಸಿ ದಿನಕ್ಕೊಂದು ಮಿಲಿಮೀಟರ್ ಕೆಳಗೆ ಸರಿಸಬೇಕು. ಅದು ಸರಿದ ಹಾಗೆ ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತದಂತೆ. ಅವಸರ ಮಾಡಿದರೆ ಬೆಳೆಯುವುದಿಲ್ಲ, ತಡಮಾಡಿದರೆ ಅರ್ಧದಲ್ಲೇ ಗಟ್ಟಿಯಾಗಿಬಿಡುತ್ತದೆ. ಒಂದು ಮಿಲಿಮೀಟರನ್ನೂ ಒಮ್ಮೆಲೇ ಅಲ್ಲ, ದಿನಕ್ಕೆ ನಾಲ್ಕು ಸಲ ಕಾಲುಕಾಲು ಸುತ್ತು.

ತಿರುಗಿಸುವವಳು ನಿನ್ನ ಅತ್ತಿಗೆ. ಮೊದಲ ದಿನ ಸ್ಪ್ಯಾನರನ್ನು ಸೌಟು ಹಿಡಿದ ಹಾಗೆ ಹಿಡಿದಿದ್ದಳು, ಈಗ ನಿನಗೂ ನನಗೂ ಪಾಠ ಹೇಳಬಲ್ಲಳು. ನಾನು ಅವಳನ್ನು ಫೋರ್‌ಮನ್ ಎಂದೇ ಕರೆಯುವುದು. ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ತಿರುಗಿಸಿದಾಗಲೆಲ್ಲ ಗುರುತು ಹಾಕುತ್ತಾಳೆ. ಸರಿಸುವ ಕಂಬಿ ಮೂರು. ಮುಂದಿನ ಎರಡು ಅವಳಿಗೆ ಕಾಣುತ್ತವೆ. ಮೀನಖಂಡದ ಹಿಂದೆ ಇರುವ ಮೂರನೆಯದನ್ನು ಅವಳು ಬಗ್ಗಿ ಕೈಯಂದಾಜಿನಲ್ಲೇ ತಿರುಗಿಸಬೇಕು. ನಟ್ಟಿನ ಒಂದು ಮುಖಕ್ಕೆ ಅವಳ ಉಗುರುಬಣ್ಣದ ಚುಕ್ಕೆ ಇಟ್ಟಿದ್ದೇವೆ. ನಾನು ಕೈಗನ್ನಡಿ ಹಿಡಿದು, ಚುಕ್ಕೆ ಸರಿದದ್ದನ್ನು ನೋಡಿ "ಆಯ್ತು" ಎನ್ನಬೇಕು. ಈ ಇಡೀ ಮನೆಯಲ್ಲಿ ನನಗೆ ವಹಿಸಿರುವ ಕೆಲಸ ಅದೊಂದೇ.

ಮನೆ ಎಂದೆ, ಒಂದು ಕೋಣೆ ಎನ್ನಬೇಕಿತ್ತು. ಬಳೆ ಹಾಕಿದ ಕಾಲು ಬಾಗಿಲಲ್ಲಿ ನೇರವಾಗಿ ತೂರುವುದಿಲ್ಲ, ಓರೆ ಮಾಡಬೇಕು, ಓರೆ ಮಾಡಿದರೆ ಜೀವ ಬಾಯಿಗೆ ಬರುತ್ತದೆ. ಕಿಟಕಿಯಿಂದ ಕಾಣುವುದು ಎದುರು ಕಟ್ಟಡದ ನೀರಿನ ಪೈಪು ಮತ್ತು ಯಾರದೋ ಬಚ್ಚಲಿನ ಗವಾಕ್ಷಿ. ಅವರ ಮನೆಯಲ್ಲಿ ಯಾರು ಎಷ್ಟು ಹೊತ್ತು ಸ್ನಾನ ಮಾಡುತ್ತಾರೆಂದು ನನಗೆ ಬಾಯಿಪಾಠವಾಗಿದೆ. ನಮ್ಮ ಕಟ್ಟಡದ ಲಿಫ್ಟ್ ನೀನು ಹೋದ ತಿಂಗಳೇ ನಿಂತಿತು, ಇನ್ನೂ ನಿಂತೇ ಇದೆ. ಊರವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ಓಡಿಸಿದ ನಮ್ಮ ಮನೆಯ ಬಾಗಿಲಲ್ಲೇ ಈ ಗತಿ. ರಿಪೇರಿಗೆ ಬಂದವನಿಗೆ ಮಂಚದ ಮೇಲಿಂದಲೇ ಕೂಗಿ ಕೂಗಿ ಹೇಳಿಕೊಟ್ಟೆ, ಅವನು ಎಲ್ಲದಕ್ಕೂ "ಸರಿ ಸಾರ್" ಎಂದು, ಊಟಕ್ಕೆಂದು ಇಳಿದವನು ತಿರುಗಿ ಬರಲಿಲ್ಲ. ಆಸ್ಪತ್ರೆಗೆ ಹೋಗಬೇಕಾದ ದಿನ ಅಕ್ಕಪಕ್ಕದ ನಾಲ್ವರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಮೆಟ್ಟಿಲಿಳಿಸುತ್ತಾರೆ. ಮೂರನೇ ಮಹಡಿಯ ದರ್ಜಿ ಪ್ರತಿ ತಿರುವಿನಲ್ಲೂ "ಅಣ್ಣನ ತೂಕ ಮಾತ್ರ ಕಡಿಮೆ ಆಗಿಲ್ಲ" ಎನ್ನುತ್ತಾನೆ. ನಗುತ್ತೇನೆ. ಆದರೆ ನಿಜ ಹೇಳಲೇ, ಮಧ್ಯಾಹ್ನ ಎಲ್ಲರೂ ಅವರವರ ಕೆಲಸಕ್ಕೆ ಹೋಗಿ ಮೆಟ್ಟಿಲಿನ ಸದ್ದೂ ನಿಂತಾಗ, ಈ ಬಳೆಗಳನ್ನು ಕಿತ್ತು ಎಸೆದು ಓಡಿಹೋಗಬೇಕು ಅನಿಸುತ್ತದೆ. ಅಳು ಬರುತ್ತದೆ ತಮ್ಮಾ. ಅತ್ತೂ ಇದ್ದೇನೆ.

ಹೋದ ಶನಿವಾರ ಎಕ್ಸ್-ರೇ ಆಯಿತು, ನಟ್ಟು ತಿರುಗಿಸತೊಡಗಿದ ಇಪ್ಪತ್ತಾರನೆಯ ದಿನದ್ದು. ಅದರಲ್ಲಿ ಒಂದು ಎಡವಟ್ಟಾಗಿದೆ. ಸರಿಯುತ್ತಿರುವ ತುಂಡು ಓರೆಯಾಗಿದೆ. ಹಿಂದಿನ ಕಂಬಿ ಎರಡು ದಿನ, ಅಂದರೆ ಎಂಟು ಸಲ, ತಿರುಗಿಯೇ ಇಲ್ಲ ಎಂದರು ಡಾಕ್ಟರು. ಸ್ಪ್ಯಾನರು ನಟ್ಟಿನ ಮೇಲೆ ಜಾರಿ ಸುಮ್ಮನೆ ಸುತ್ತಿರಬಹುದು, ಇಲ್ಲವೇ ತಿರುಗಿಸುವುದನ್ನೇ ಮರೆತಿರಬಹುದು ಎಂದರು. ಈಗ ಮುಂದಿನ ಎರಡನ್ನು ನಿಲ್ಲಿಸಿ ಹಿಂದಿನದನ್ನು ಮಾತ್ರ ನಿಧಾನವಾಗಿ ಸರಿಸಬೇಕು. ಅಷ್ಟರೊಳಗೆ ಹೊಸ ಮೂಳೆ ಓರೆಯಾಗಿ ಗಟ್ಟಿಯಾದರೆ ಮತ್ತೆ ಆಪರೇಷನ್. ಆಮೇಲೂ ಕೂಡದಿದ್ದರೆ ಮೊಣಕಾಲ ಕೆಳಗೆ ತೆಗೆಯುವ ಮಾತು ಬರಬಹುದು ಎಂದರು, ನನ್ನ ಮುಖ ನೋಡದೆ. ಆಮೇಲೆ ನಿನ್ನ ಅತ್ತಿಗೆಯ ಕಡೆ ತಿರುಗಿ, "ಇಷ್ಟು ದೊಡ್ಡ ಆಪರೇಷನ್ ಮಾಡಿ ಒಂದು ನಟ್ಟು ತಿರುಗಿಸೋದನ್ನ ನಿಮ್ಮ ಕೈಗೆ ಕೊಟ್ವಲ್ಲ" ಎಂದು ಎಲ್ಲರೆದುರು ಬೈದರು. ಅವಳ ಹಾಳೆಯಲ್ಲಿ ಎಂಟಕ್ಕೆ ಎಂಟೂ ಗುರುತಿದ್ದವು. ಅದನ್ನು ಮತ್ತೆ ಮತ್ತೆ ನೋಡಿ ಕೊನೆಗೆ, "ನಾನೇ ಮರೆತಿರಬೇಕು" ಎಂದಳು. ಅಂದಿನಿಂದ ಅವಳು ಸರಿಯಾಗಿ ಊಟ ಮಾಡುತ್ತಿಲ್ಲ. ತಿರುಗಿಸಿದ ಮೇಲೂ ಗುರುತು ಹಾಕುವ ಮೊದಲು ಮತ್ತೆ ಬಂದು ನಟ್ಟು ಮುಟ್ಟಿ ನೋಡುತ್ತಾಳೆ.

ಈಗ ನಿನ್ನ ಎರಡನೇ ಮಾತಿಗೆ ಬರುತ್ತೇನೆ. ಅಪ್ಪ ನಮಗೆ ಈ ಕಸುಬು ಕಲಿಸುವಾಗ ಮೊದಲು ಕಲಿಸಿದ್ದು ಒಂದೇ ಪಾಠ. ಲಿಫ್ಟಿನ ಅಡಿಯ ಹೊಂಡಕ್ಕೆ ಇಳಿಯುವವನು ಮೊದಲು ತಾರಸಿಯ ಮೆಷಿನ್ ರೂಮಿಗೆ ಹತ್ತಿ, ತನ್ನ ಕೈಯಾರೆ ಫ್ಯೂಸ್ ತೆಗೆದು, ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಅವನು ಮೇಲೆ ಬಂದು ತಾನೇ ವಾಪಸ್ ಹಾಕುವ ತನಕ ಯಾರೂ ಬೋರ್ಡ್ ಮುಟ್ಟಬಾರದು. ಆ ದಿನ ಆ ಒಂಬತ್ತು ಮಹಡಿಯ ಕಟ್ಟಡದಲ್ಲಿ ನಾನು ಹೊಂಡದಲ್ಲಿದ್ದೆ, ನೀನು ಆರನೇ ಮಹಡಿಯಲ್ಲಿ ಹೊಸ ಬಟನ್ ಕೂರಿಸುತ್ತಿದ್ದೆ. "ಅಣ್ಣಾ, ಫ್ಯೂಸ್ ತೆಗ್ದಿದ್ದೀಯಾ" ಎಂದು ಮೇಲಿಂದ ಕೂಗಿದೆ. "ಜೇಬಲ್ಲಿದೆ, ನೀನು ನಿನ್ನ ಕೆಲಸ ನೋಡು" ಎಂದೆ. ನೀನು ಬಟನ್ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿದೆ, ಲಿಫ್ಟ್ ಮೇಲೆ ಹೊರಟಿತು, ಅದರ ಇನ್ನೊಂದು ತುದಿಗೆ ಕಟ್ಟಿದ ತೂಕದ ಕಬ್ಬಿಣ ನನ್ನ ಕಾಲಿನ ಮೇಲೆ ಇಳಿಯಿತು. ಆಮೇಲೆ ನೋಡಿದರೆ ಬೋರ್ಡಿನಲ್ಲಿ ಫ್ಯೂಸ್ ಇತ್ತು. ಮೆಷಿನ್ ರೂಮಿನ ಡ್ರಾಯರಿನಲ್ಲಿ ಒಂದು ಹೆಚ್ಚಿನ ಫ್ಯೂಸ್ ಇಡುತ್ತೇವೆಂದು ಎಲ್ಲರಿಗೂ ಗೊತ್ತು. ಬಟನ್ ಪರೀಕ್ಷಿಸುವ ಅವಸರಕ್ಕೆ ನೀನೇ ಹೋಗಿ ಅದನ್ನು ಹಾಕಿದ್ದೀಯ ಎಂದರು. ಆಸ್ಪತ್ರೆಯಲ್ಲಿ ನನ್ನ ಅಂಗಿಯನ್ನು ಕತ್ತರಿಸಿ ಎಸೆದಿದ್ದರು, ಜೇಬಿನಲ್ಲಿ ಏನಿತ್ತೆಂದು ಯಾರೂ ನೋಡಲಿಲ್ಲ. ನೀನು ಒಬ್ಬನೇ ನನ್ನ ಮಂಚದ ಪಕ್ಕ ನಿಂತು, "ನಾನು ಹಾಕಿಲ್ಲ. ಆದ್ರೆ ಅಣ್ಣ ತೆಗ್ದೆ ಅಂದ್ರೆ ತೆಗ್ದಿರ್ತಾನೆ, ಬೇರೆ ಯಾರೋ ಹಾಕಿರ್ಬೇಕು" ಎಂದೆ. ಎರಡು ತಿಂಗಳು ನೀನು ಆ ಬೇರೆ ಯಾರನ್ನೋ ಹುಡುಕಿದೆ. ಯಾರೂ ಸಿಗಲಿಲ್ಲ. ಅಮ್ಮ ನಿನ್ನ ಜೊತೆ ಮಾತು ಬಿಟ್ಟಳು, ನೀನು ಮನೆ ಬಿಟ್ಟೆ.

ಈಗ ಬರೆದಿದ್ದೀಯ, "ಯೋಚಿಸಿ ಯೋಚಿಸಿ ಈಗೀಗ ನನಗೂ ನೆನಪಾಗ್ತಾ ಇದೆ ಅಣ್ಣ. ತಾರಸಿಗೆ ಹೋದದ್ದು, ಡ್ರಾಯರ್ ಎಳೆದದ್ದು. ಫ್ಯೂಸ್ ಹಾಕೋ ಕೈ ಕಾಣಿಸುತ್ತೆ. ನಾನೇ ಹಾಕಿ ಮರೆತಿರಬೇಕು." ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನೀನು ಕೇಳಿದ ಒಂದು ಸಾಲನ್ನು ಮೂರು ಸಲ ಬರೆದು ಹೊಡೆದುಹಾಕಿದ್ದೇನೆ, ಈ ಹಾಳೆಯ ಹಿಂಬದಿ ನೋಡಿದರೆ ನಿನಗೇ ಗೊತ್ತಾಗುತ್ತದೆ. ನಿನ್ನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಯಾವತ್ತೂ ಇರಲಿಲ್ಲ. ಸದ್ಯಕ್ಕೆ ಇಷ್ಟು ಸಾಕು ಎಂದುಕೊಳ್ಳುತ್ತೇನೆ.

ಅಮ್ಮ ನಿನ್ನ ಪತ್ರ ಓದಲಿಲ್ಲ. "ಊಟದ ವಿಷಯ ಏನಾದ್ರೂ ಬರೆದಿದ್ದಾನಾ" ಎಂದು ಮಾತ್ರ ಕೇಳಿದಳು. ಅದನ್ನೇ ಅವಳ ಆಶೀರ್ವಾದ ಎಂದು ತಿಳಿದುಕೋ. ಅತ್ತಿಗೆ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಬೆನ್ನಿಗೆ ಬಿಸಿನೀರಿನ ಶಾಖ ಕೊಡು, ಒದ್ದೆ ನೆಲದ ಮೇಲೆ ಮಲಗಬೇಡ, ಚೆನ್ನಾಗಿರು.

ಇಂತಿ,
ನಿನ್ನ ಅಣ್ಣ

ತಾ.ಕ.: ನಿನ್ನ ಅತ್ತಿಗೆ ಅಂಗಡಿಗೆ ಹೊರಟಿದ್ದಾಳೆ, ಚೀಲ ಹುಡುಕುತ್ತಿದ್ದಾಳೆ. ಅದು ಸಿಗುವುದರೊಳಗೆ ಇದನ್ನು ಬರೆಯಬೇಕು. ಫ್ಯೂಸನ್ನು ನಾನು ತೆಗೆದೇ ಇರಲಿಲ್ಲ. ತೆಗೆದರೆ ಲಿಫ್ಟ್ ನಿಲ್ಲುತ್ತದೆ, ಒಂಬತ್ತು ಮಹಡಿ ಮೆಟ್ಟಿಲಿಳಿಯಬೇಕೆಂದು ಸೋಮಾರಿತನ ಮಾಡಿ ಲಿಫ್ಟಿನಲ್ಲೇ ಇಳಿದೆ. ಜೇಬಿನಲ್ಲಿದ್ದದ್ದು ಬಾಚಣಿಗೆ. ಆಸ್ಪತ್ರೆಯಲ್ಲಿ ಅಮ್ಮ ಕೇಳಿದಾಗ ತೆಗೆದಿದ್ದೆ ಎಂದು ತಲೆಯಾಡಿಸಿದೆ, ಆಮೇಲೆ ಬಾಯಿ ಬಿಡಲಾಗಲಿಲ್ಲ. ನೀನು ತಾರಸಿಗೆ ಹೋಗಿಲ್ಲ. ಡ್ರಾಯರ್ ಎಳೆದಿಲ್ಲ. ನಿನಗೆ ಕಾಣಿಸುವ ಆ ಕೈ ಯಾರದೂ ಅಲ್ಲ. ನಿನಗೆ ಮರೆವೂ ಇಲ್ಲ, ತಲೆಯೂ ಕೆಟ್ಟಿಲ್ಲ, ಇದನ್ನು ಹತ್ತು ಸಲ ಓದು. ಹಿಂದಿನ ಕಂಬಿಯೂ ಹೀಗೇ. ಆ ಎರಡು ದಿನವೂ ಅವಳು ಮರೆಯದೆ ಸ್ಪ್ಯಾನರ್ ಹಾಕಿದ್ದಳು, ಕನ್ನಡಿ ನನ್ನ ಎದೆಯ ಮೇಲೆ ಬಿದ್ದಿತ್ತು, ನಾನು ಪೇಪರ್ ಓದುತ್ತ, ನೋಡದೆಯೇ "ಆಯ್ತು, ಆಯ್ತು" ಎಂದಿದ್ದೆ. ಡಾಕ್ಟರು ಬೈಯುವಾಗಲೂ ಸುಮ್ಮನಿದ್ದೆ. ಅವಳು "ನಾನೇ ಮರೆತಿರಬೇಕು" ಎಂದಾಗ ನಿನ್ನ ಪತ್ರ ನನ್ನ ಅಂಗಿಯ ಜೇಬಿನಲ್ಲಿತ್ತು.

ಲಕೋಟೆಗೆ ಅಂಟು ಹಚ್ಚುತ್ತಿಲ್ಲ, ಹಾಗೆಯೇ ಅವಳ ಕೈಗೆ ಕೊಡುತ್ತೇನೆ. ಸಾಮಾನು ಕಟ್ಟಿ ಬಂದ ಕಾಗದವನ್ನೂ ಬಿಡಿಸಿ ಓದುವವಳು ಅವಳು, ಎರಡನೇ ಮಹಡಿ ದಾಟುವಷ್ಟರಲ್ಲಿ ಓದಿ ಮುಗಿಸಿರುತ್ತಾಳೆ. ಇದು ನಿನಗೆ ತಲುಪಿದರೆ, ಅವಳು ಕೆಳಗಿಳಿದು ಅಂಚೆ ಡಬ್ಬಿಗೆ ಹಾಕಿದಳೆಂದು ತಿಳಿ. ಅದಕ್ಕೆ ಮೊದಲೇ ತಿರುಗಿ ಮೇಲೆ ಬಂದರೂ ಬರಲಿ, ಅಮ್ಮನಿಗೂ ಅವಳೇ ಓದಿ ಹೇಳಲಿ. ನಾನು ಇಲ್ಲೇ ಇರುತ್ತೇನೆ, ಇನ್ನೆಲ್ಲಿಗೆ ಹೋಗಲಿ. ಚೀಲ ಸಿಕ್ಕಿತಂತೆ.