ಹದಿನಾರು ಮಂಗಳವಾರಗಳ ಸರಾಸರಿ

ಆರ್‌ಪಿಸಿ ಲೇಔಟ್, ವಿಜಯನಗರ
ಬೆಂಗಳೂರು
ಭಾನುವಾರ, ೧೭ ಸೆಪ್ಟೆಂಬರ್ ೨೦೦೬

ಮುದ್ದಿನ ಮೊಮ್ಮಗಳು ನಿಖಿತಾಗೆ ಅಜ್ಜನ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ನೆಗಡಿ ಬಿಟ್ಟಿತಾ? ಧಾರವಾಡದ ಮಳೆಯಲ್ಲಿ ತಲೆ ನೆನೆಸಿಕೊಂಡು ಓಡಾಡಬೇಡ. ಹಾಸ್ಟೆಲ್ಲಿನ ರೊಟ್ಟಿ ಗಟ್ಟಿ ಅಂತ ಊಟ ಬಿಟ್ಟರೆ ಎಂ.ಎಸ್ಸಿ. ಓದುವುದಕ್ಕೆ ತ್ರಾಣ ಎಲ್ಲಿಂದ ಬರಬೇಕು? ನಾನು ಚೆನ್ನಾಗಿದ್ದೇನೆ. ಫೋನ್ ಬಿಟ್ಟು ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಫೋನ್ ಇರುವುದು ನಡುಮನೆಯಲ್ಲಿ, ನಿನ್ನ ಅಜ್ಜಿಯ ಕಿವಿ ಇರುವುದು ಎಲ್ಲ ಕಡೆ. ಇದು ಅವಳಿಗೆ ಕೇಳಿಸಬಾರದ ವಿಷಯ.

ನೀನು ಬಿಟ್ಟುಹೋದ ಪಿಯುಸಿ ಸಂಖ್ಯಾಶಾಸ್ತ್ರದ ನೋಟ್‌ಬುಕ್ ಓದುತ್ತಿದ್ದೇನೆ. ನಗಬೇಡ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದವನಿಗೆ ಸರಾಸರಿ ಹೊಸದೇನಲ್ಲ. ಮೂರು ಬಸ್ಸು ಒಂದರ ಹಿಂದೊಂದು ಬಂದು ಆಮೇಲೆ ಒಂದು ಗಂಟೆ ಒಂದೂ ಬರದಿದ್ದರೂ, ಸರಾಸರಿ ಇಪ್ಪತ್ತು ನಿಮಿಷಕ್ಕೊಂದು ಬಸ್ಸು ಅಂತ ಬರೆದು ಸಾಹೇಬರಿಂದ ಭೇಷ್ ಅನ್ನಿಸಿಕೊಂಡವನು ನಾನು. ಸ್ಟಾಪಿನಲ್ಲಿ ನಿಂತ ಜನ ಮಾತ್ರ ನನ್ನ ವಂಶಕ್ಕೇ ಶಾಪ ಹಾಕುತ್ತಿದ್ದರು. ಹೀಗೆ ಅಂಕಿಗಳು ಹರಡಿಕೊಂಡಿರುವುದಕ್ಕೂ ಒಂದು ಹೆಸರಿದೆ, ಅದನ್ನೂ ಅಳೆಯಬಹುದು ಅಂತ ಎಪ್ಪತ್ತೆರಡನೇ ವಯಸ್ಸಿನಲ್ಲಿ ನಿನ್ನಿಂದ ಕಲಿತೆ. ಮಧ್ಯಾಂಕ, ಬಹುಲಕ ಎಲ್ಲ ದಾಟಿ ‘ಮಾದರಿ’ ಅನ್ನುವ ಪಾಠಕ್ಕೆ ಬಂದೆ ನೋಡು, ಬೆರಳಿಟ್ಟು ಎರಡೆರಡು ಸಲ ಓದಿದೆ. ಎಲ್ಲವನ್ನೂ ಅಳೆಯಲಾಗದಾಗ ಕೆಲವನ್ನು ಆರಿಸಿ ಅಳೆಯುತ್ತೇವೆ, ಆರಿಸಿದ್ದೆಲ್ಲ ಒಂದೇ ಬಗೆಯದಾದರೆ ಉತ್ತರ ನಂಬುವಂಥದಲ್ಲ ಅಂತ ನಿನ್ನ ಗುಂಡು ಅಕ್ಷರದಲ್ಲಿ ಬರೆದಿದ್ದೀಯ.

ಬೇಸಿಗೆ ರಜೆಯಲ್ಲಿ ಅಜ್ಜಿಯ ಶುಗರ್ ಚೀಟಿಗಳನ್ನು ಹರಡಿಕೊಂಡು ಕೂತಿದ್ದೆಯಲ್ಲ? ಹದಿನಾರು ವಾರದ್ದು. ಖಾಲಿ ಹೊಟ್ಟೆಯ ಶುಗರ್ ಸರಾಸರಿ ನೂರಾ ಇಪ್ಪತ್ನಾಲ್ಕು ಅಂತ ಲೆಕ್ಕ ಹಾಕಿ, ದೊಡ್ಡದಾಗಿ ‘ವೆರಿ ಗುಡ್ ಅಜ್ಜಿ’ ಅಂತ ಬರೆದು ಬೀರುವಿಗೆ ಅಂಟಿಸಿ ಹೋದೆ. ಕೂಡಿದ್ದೂ ಸರಿ, ಭಾಗಿಸಿದ್ದೂ ಸರಿ. ಆದರೆ ನಾವು ಲ್ಯಾಬಿಗೆ ಹೋಗುತ್ತಿದ್ದದ್ದೆಲ್ಲ ಮಂಗಳವಾರ ಬೆಳಗ್ಗೆ. ಅದರ ಹಿಂದಿನ ದಿನ ಸೋಮವಾರ, ಶಿವನ ವಾರ. ಅವಳು ಒಪ್ಪತ್ತು. ಮಧ್ಯಾಹ್ನ ಒಂದಿಷ್ಟು ಉಂಡರೆ ರಾತ್ರಿ ಬರೀ ನೀರುಮಜ್ಜಿಗೆ. ಉಪವಾಸ ಮಾಡಿದವಳ ರಕ್ತ ಹಿಡಿದುಕೊಂಡು ವಾರವಿಡೀ ಶುಗರ್ ಚೆನ್ನಾಗಿದೆ ಅಂತ ನಂಬಿ ಕೂತೆವಲ್ಲ! ನಿನ್ನ ತಪ್ಪಲ್ಲ ಪುಟ್ಟಾ. ಚೀಟಿ ಕೊಟ್ಟ ನಾನು ಎಲ್ಲ ಮಂಗಳವಾರದ್ದೇ ಅಂತ ಹೇಳಲೇ ಇಲ್ಲ.

ಹೋದ ಭಾನುವಾರ ಮಹಡಿ ಮನೆಯ ಶಿವಕ್ಕನ ಶುಗರ್ ಮೆಷಿನ್ ಕೇಳಿ ತಂದೆ. ಏಳು ದಿನ ಬೆಳಗ್ಗೆ ನಾನೇ ಬೆರಳು ಚುಚ್ಚಿದೆ. ಮಂಗಳವಾರ ನೂರಾ ಇಪ್ಪತ್ತಾರು. ಮಿಕ್ಕ ಆರು ದಿನ ನೂರಾ ಎಂಬತ್ತೆಂಟರ ಕೆಳಗೆ ಒಂದು ದಿನವೂ ಇಲ್ಲ, ಒಂದು ದಿನವಂತೂ ಇನ್ನೂರ ಮೂವತ್ತೈದು. ಸರಾಸರಿ ನೂರಾ ತೊಂಬತ್ತೇಳು, ಮಧ್ಯಾಂಕ ಇನ್ನೂರ ನಾಲ್ಕು. ಮೂರು ಸಲ ಕೂಡಿದೆ ಮಗಳೇ, ಕಡಿಮೆ ಆಗಲಿಲ್ಲ. ಕನ್ನಡಕ ಇಲ್ಲದೆ ಅವಳಿಗೆ ಅಂಕಿ ಕಾಣುವುದಿಲ್ಲ. ಎಷ್ಟಿದೆ ಅಂತ ಕೇಳಿದಾಗಲೆಲ್ಲ ಚೆನ್ನಾಗಿದೆ ಅಂದೆ. ಏಳು ದಿನ, ಏಳು ಸುಳ್ಳು.

ಅವಳ ಬಲಗಾಲಿನ ಹಿಮ್ಮಡಿಯಲ್ಲಿ ಒಂದು ಗಾಯ ಆಗಿದೆ. ತಿಂಗಳಾಯಿತು, ಮಾಯುತ್ತಿಲ್ಲ. ಡಾಕ್ಟರು ಕೂಡಲೇ ಇನ್ಸುಲಿನ್ ಶುರು ಮಾಡಿ, ತಡ ಮಾಡಿದರೆ ಪಾದಕ್ಕೇ ಕುತ್ತು ಅಂದರು. ಇವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ‘ಸ್ಟ್ಯಾಟಿಸ್ಟಿಕ್ಸ್ ಓದೋ ಮೊಮ್ಮಗಳೇ ವೆರಿ ಗುಡ್ ಅಂತ ಬರ್ದಿದ್ದಾಳೆ, ನಿಮ್ ಡಾಕ್ಟ್ರದ್ದೇನು’ ಅಂತ ಬೀರುವಿನ ಕಡೆ ಕೈ ತೋರಿಸುತ್ತಾಳೆ. ಆ ಚೀಟಿ ಕೀಳಲು ನನಗೆ ಧೈರ್ಯವಿಲ್ಲ. ನಿನ್ನ ಮಾತಾದರೆ ಕೇಳುತ್ತಾಳೆ. ಹಳೆಯ ಸರಾಸರಿ ಸರಿಯಿಲ್ಲ, ಸೂಜಿ ತಗೋ ಅಜ್ಜಿ ಅಂತ ಎರಡು ಸಾಲು ಬರೆದು ಹಾಕು. ತಪ್ಪನ್ನು ಪೂರ್ತಿ ನನ್ನ ತಲೆಗೇ ಕಟ್ಟು, ಅಡ್ಡಿಯಿಲ್ಲ. ಅವಳು ಒಂದು ಕಾಲು ಎಳೆದುಕೊಂಡು ಓಡಾಡುವುದನ್ನು ನೋಡುವ ಶಕ್ತಿ ನನಗಿಲ್ಲ.

ವೇಳೆಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ನಿನ್ನ ವಿದ್ಯೆಯ ಮೇಲೂ ಹಾಸ್ಟೆಲ್ ಅಡಿಗೆಯ ಮೇಲೂ ಶಿವನ ಕೃಪೆ ಇರಲಿ.

ಇಂತಿ ನಿನ್ನ ಅಜ್ಜ,
ಸೋಮಲಿಂಗಪ್ಪ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಅಜ್ಜಿ ಬಂದು ಎದುರು ಕೂತಳು. ‘ಏನ್ರೀ ಅದು, ಬೆಳಗ್ಗಿಂದ ಬರೀತಾ ಇದೀರಿ’ ಅಂದಳು. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ರೇಗುತ್ತಾಳೆ ಅಂದುಕೊಂಡಿದ್ದೆ. ಸೆರಗಿನಿಂದ ಕಣ್ಣು ಒರೆಸಿಕೊಂಡು, ‘ಮಂಗಳವಾರಾನೇ ಹೋಗೋಣ ಅಂತ ಹಟ ಹಿಡಿದವಳು ನಾನೇ ಅಲ್ವೇನ್ರೀ? ಉಪವಾಸದ ಮಾರನೇ ದಿನ ಕಮ್ಮಿ ಬರುತ್ತೆ ಅಂತ ನನಗೆ ಗೊತ್ತಿತ್ತು. ಮೊದಲೆಲ್ಲ ಜಾಸ್ತಿ ಬಂದ ದಿನ ನೀವು ಊಟಾನೇ ಮಾಡ್ತಿರಲಿಲ್ಲ’ ಅಂದಳು. ಸೂಜಿಗೆ ಒಪ್ಪಿದ್ದಾಳೆ, ನಾಳೆಯಿಂದಲೇ ಶುರು, ಚುಚ್ಚುವವನು ನಾನೇ. ನೀನು ಫೋನ್ ಮಾಡಿದಾಗ ನೋವಾಯಿತಾ ಅಂತ ಅವಳನ್ನು ಕೇಳಬೇಡ, ಇಲ್ಲ ಅಂತಾಳೆ. ನನ್ನನ್ನು ಕೇಳು.