ಹಿಮ್ಮಡಿಯ ಅರ್ಧಚಂದ್ರ

ಬುಧವಾರ, ಹತ್ತನೆಯ ತಾರೀಖು
ಸಂಜೆ ಐದು ಗಂಟೆ

ಇವಳೇ,

ಹೇಗಿದ್ದೀಯ ಎಂದು ಕೇಳಿಯೇ ಕಾಗದ ಶುರು ಮಾಡಬೇಕು, ಬೇರೆ ರೀತಿ ನನಗೆ ಗೊತ್ತಿಲ್ಲ. ನಾನು ಕ್ಷೇಮ. ಮಗಳೂ ಕ್ಷೇಮ. ದಿನಕ್ಕೆ ನಾಲ್ಕು ಸಲ ಫೋನು ಮಾಡಿ ಊಟ ಆಯಿತಾ ಎಂದು ಕೇಳುತ್ತಾಳೆ, ಆಮೇಲೆ ಅಳುತ್ತಾಳೆ, ಆಮೇಲೆ ಮತ್ತೆ ಊಟದ ವಿಷಯಕ್ಕೇ ಬರುತ್ತಾಳೆ. ಅಂಗಡಿಗೆ ಬೀಗ ಹಾಕಿ ಬಂದಿದ್ದೇನೆ. ಬೂಟು ರಿಪೇರಿಯವನು ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಸ್ಟೂಲಿನಿಂದ ಎದ್ದ ಎಂದು ಬೀದಿಯವರೆಲ್ಲ ಮಾತಾಡಿಕೊಳ್ಳುತ್ತಿರಬಹುದು. ಬರೆಯುವುದು ತಡವಾಯಿತು, ಕ್ಷಮಿಸು. ನೀನು ಕಾಣೆಯಾಗಿ ಇವತ್ತಿಗೆ ಆರು ದಿನ, ನಾನು ಈ ದೇಶಕ್ಕೆ ಬಂದು ಮೂರು ದಿನ. ಎಲ್ಲಿಗೆ ಕಳಿಸಬೇಕೆಂದು ಗೊತ್ತಿರಲಿಲ್ಲ ಎನ್ನುವುದು ನೆಪ. ಕೋಪ ಇತ್ತು ಎನ್ನುವುದು ನಿಜ.

ಈಗ ಎಲ್ಲಿಗೆ ಕಳಿಸಬೇಕೆಂದು ಗೊತ್ತಾಗಿದೆ. ಇವತ್ತು ಮಧ್ಯಾಹ್ನ ನಿನ್ನ ಮೇಷ್ಟ್ರು ಸಿಕ್ಕಿದರು. ದಕ್ಷಿಣದ ಕಣಿವೆಯಲ್ಲಿ, ಹಳ್ಳದ ಮರದ ಸೇತುವೆಯ ಕೆಳಗೆ, ಅರ್ಧ ಪ್ರಜ್ಞೆಯಲ್ಲಿ. ಆಸ್ಪತ್ರೆಗೆ ತಂದ ಮೇಲೆ ಮೊದಲು ಆಡಿದ ಮಾತೇ ನಿನ್ನ ವಿಷಯ. ನಿನ್ನ ಎಡಗಾಲು ಮುರಿದಿದೆ, ನಿನ್ನನ್ನು ಮೇಲೆ ಕುರಿ ಕಾಯುವವರ ಕಲ್ಲಿನ ಗುಡಿಸಲಲ್ಲಿ ಬಿಟ್ಟು ಸಹಾಯ ಕರೆಯಲು ಇಳಿದೆ, ದಾರಿ ತಪ್ಪಿತು ಎಂದರಂತೆ. ಗುಡಿಸಲ ಪಕ್ಕದಲ್ಲೇ ನೀರಿದೆಯಂತೆ. ಅರ್ಧ ಪೊಟ್ಟಣ ಬಿಸ್ಕತ್ತು ಮತ್ತು ಅವರ ಜಾಕೆಟ್ಟು ನಿನ್ನ ಹತ್ತಿರ ಇವೆಯಂತೆ. ಮೋಡ ಮುಚ್ಚಿರುವುದರಿಂದ ಹೆಲಿಕಾಪ್ಟರ್ ಹಾರುವಂತಿಲ್ಲ. ನಾಳೆ ಬೆಳಕು ಹರಿಯುತ್ತಲೇ ಐದು ಜನ ನಡೆದೇ ಹೊರಡುತ್ತಾರೆ, ಏಳು ಗಂಟೆಯ ಏರುದಾರಿ. ಅವರ ನಾಯಕನ ಜೇಬಿನಲ್ಲಿ ಈ ಕಾಗದ ಬರುತ್ತದೆ. ನನ್ನನ್ನೂ ಕರೆದುಕೊಂಡು ಹೋಗಿ ಎಂದೆ. ಅವನು ನನ್ನ ಮೊಣಕಾಲಿನ ಪಟ್ಟಿ ನೋಡಿ, ಹೆಗಲು ತಟ್ಟಿ, ಕಾಗದ ಕೊಡಿ ಸಾಕು ಎಂದ.

ತಪ್ಪುಗಳಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದು. ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಪ್ರೂಫ್ ನೋಡಿದವಳಿಗೆ ಕಾಗದ ಬರೆಯಲು ನನಗೆ ಮೊದಲಿನಿಂದಲೂ ಭಯ.

ನಾನು ಇಳಿದುಕೊಂಡಿರುವುದು ನೀವೆಲ್ಲ ಇದ್ದ ಅದೇ ವಸತಿಗೃಹದಲ್ಲಿ. ನಿನ್ನ ಕೋಣೆಯನ್ನೇ ಕೊಟ್ಟಿದ್ದಾರೆ. ಕಿಟಕಿಯ ಹತ್ತಿರ ನಿನ್ನ ಚಪ್ಪಲಿ, ಕುರ್ಚಿಯ ಮೇಲೆ ಮಡಚಿಟ್ಟ ಬಿಳಿ ಅಂಗಿ, ಕನ್ನಡಕದ ಖಾಲಿ ಡಬ್ಬಿ. ಮೇಜಿನ ಮೇಲೆ ಹಕ್ಕಿಗಳ ಪುಸ್ತಕ. ಮೊದಲ ಪುಟದಲ್ಲಿ ಮೇಷ್ಟ್ರ ದುಂಡು ಅಕ್ಷರ: 'ಕ್ಯಾಪ್ಟನ್‌ಗೆ, ಕಣ್ಣು ಚುರುಕಾಗಿರಲಿ.' ನಾನು ಬಂದ ದಿನ ಅದನ್ನು ಕಪಾಟಿನ ಮೇಲೆ, ಕೈಗೆ ಎಟುಕದ ಕಡೆ ಇಟ್ಟೆ. ಸ್ವಲ್ಪ ಹೊತ್ತಿಗೆ ಕುರ್ಚಿ ಹತ್ತಿ ತೆಗೆದು ಪೂರ್ತಿ ತಿರುವಿ ಹಾಕಿದೆ, ಮತ್ತೆ ಎಲ್ಲೆಲ್ಲಿ ಏನೇನು ಬರೆದಿದ್ದಾರೋ ಎಂದು. ಬರೀ ಹಕ್ಕಿಗಳಿದ್ದವು.

ಇಷ್ಟು ದಿನ ಬಾಯಿ ಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತೇನೆ. ನನಗೆ ಆ ಮನುಷ್ಯನನ್ನು ಕಂಡರೆ ಹೊಟ್ಟೆಕಿಚ್ಚು. ಭಾನುವಾರದ ನಡಿಗೆಯ ಗುಂಪಿಗೆ ನೀನು ಸೇರಿದ ಮೊದಲ ವರ್ಷ ನನ್ನನ್ನೂ ಕರೆದೆ. ಮೊಣಕಾಲು ನೋವು ಎಂದೆ ನಾನು. ಎರಡನೆಯ ವರ್ಷವೂ ಕರೆದೆ. ಅಂಗಡಿ ಎಂದೆ. ಮೂರನೆಯ ವರ್ಷ ನೀನು ಕರೆಯಲಿಲ್ಲ. ಅಷ್ಟರಲ್ಲಿ ಮನೆಯೊಳಗೆ ಮೇಷ್ಟ್ರು ಬಂದಾಗಿತ್ತು. ಅವರು ಕಾಲಿಟ್ಟಿದ್ದು ಎರಡೇ ಸಲ, ಆದರೆ ಅವರ ಮಾತು ದಿನಾ ಬರುತ್ತಿತ್ತು. 'ಮೇಷ್ಟ್ರು ಹೇಳಿದ್ರು ಆ ಬಂಡೆ ಸಮುದ್ರದ ತಳದಲ್ಲಿತ್ತಂತೆ', 'ಮೇಷ್ಟ್ರು ಹೇಳಿದ್ರು ಮೋಡಕ್ಕೂ ಹೆಸರಿರುತ್ತಂತೆ.' ಮಕ್ಕಳಿಗೆ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು ನನ್ನ ಹೆಂಡತಿಗೆ ಯಾಕೆ ಹೇಳಿಕೊಡಬೇಕು ಎಂದು ನಾನು ಮೊಳೆ ಹೊಡೆಯುತ್ತಾ ಯೋಚಿಸುತ್ತಿದ್ದೆ. ಒಮ್ಮೆ ಅವರು ಚಹಾಕ್ಕೆ ಬಂದಾಗ ನೀನು ಕೇಳದೆಯೇ ಸಕ್ಕರೆ ಹಾಕದ ಲೋಟ ಅವರ ಮುಂದಿಟ್ಟೆ. ಅವರು ಸಕ್ಕರೆ ಬಿಟ್ಟಿರುವುದು ನಿನಗೆ ಗೊತ್ತು ಎನ್ನುವುದು ನನಗೆ ಒಂದು ವಾರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನಾನು ಚಹಾಕ್ಕೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತೇನೆ ಎಂದು ನಿನ್ನನ್ನು ಪರೀಕ್ಷೆ ಮಾಡಿದೆ, ನೆನಪಿದೆಯಾ? 'ತಲೆ ಕೆಟ್ಟಿದೆಯೇನ್ರೀ, ನಿಮಗೆ ಹಾಕೋದೇ ನಾನು' ಎಂದೆ ನೀನು.

ಬೂಟಿನ ವಿಷಯವೂ ಅಷ್ಟೇ. ಈ ಪ್ರವಾಸಕ್ಕೆ ಹದಿನೈದು ದಿನ ಮುಂಚೆ ಅವರು ಅಂಗಡಿಗೆ ಬಂದು ಬೂಟನ್ನು ಕಟ್ಟೆಯ ಮೇಲಿಟ್ಟರು.

'ಕ್ಯಾಪ್ಟನ್ ಬೂಟಿಗೆ ಏನು ಸೋಲ್ ಹಾಕಿದೀರೋ ಅದನ್ನೇ ನನಗೂ ಹಾಕ್ಬಿಡಿ.'

'ಯಾವ ಕ್ಯಾಪ್ಟನ್ನು?' ಎಂದೆ, ಗೊತ್ತಿದ್ದೂ.

'ನಿಮ್ಮ ಮನೆಯವರು. ಕಲ್ಲಿನ ಮೇಲೆ ಒಂದು ದಿನಾನೂ ಜಾರಿಲ್ಲ ಅವರು. ನಿಮ್ಮ ಕೈಗುಣ.'

ಹೊಗಳಿದವನನ್ನು ಬೈಯುವುದಕ್ಕಾಗುತ್ತದೆಯೇ. ಒಂದೇ ಹಾಳೆಯಿಂದ ನಿಮ್ಮಿಬ್ಬರಿಗೂ ಸೋಲ್ ಕತ್ತರಿಸಿದೆ. ಕೆಲಸದಲ್ಲಿ ಮೋಸ ಮಾಡಲಿಲ್ಲ, ಅದು ನನ್ನ ಜಾಯಮಾನವಲ್ಲ. ಆದರೆ ಒಂದನ್ನು ಮಾತ್ರ ನಿನಗಷ್ಟೇ ಇಟ್ಟುಕೊಂಡೆ. ನೀನು ಬಲಗಾಲಿನ ಹಿಮ್ಮಡಿಯ ಹೊರ ಅಂಚನ್ನು ಬೇಗ ಸವೆಸುತ್ತೀಯ. ಅಲ್ಲಿ ನಾನು ಗಟ್ಟಿ ರಬ್ಬರಿನ ಒಂದು ತುಂಡನ್ನು ಅರ್ಧಚಂದ್ರನ ಆಕಾರದಲ್ಲಿ ಕೂರಿಸುತ್ತೇನಲ್ಲ, ಅದು. ಪ್ರಪಂಚದಲ್ಲಿ ಇನ್ನು ಯಾರ ಬೂಟಿಗೂ ಅದಿಲ್ಲ. ಮೇಷ್ಟ್ರ ಹಿಮ್ಮಡಿಯನ್ನು ಬೋಳಾಗಿಯೇ ಬಿಟ್ಟು ಕಳಿಸಿದೆ. ಅವತ್ತು ಎಷ್ಟು ಸಮಾಧಾನವಾಯಿತೆಂದರೆ ಕೆಲಸ ಮುಗಿಸಿ ಸಿಳ್ಳೆ ಹಾಕಿಕೊಂಡು ಮನೆಗೆ ಬಂದೆ.

ಇಲ್ಲಿ ನಡೆದದ್ದನ್ನು ಹೇಳುತ್ತೇನೆ. ಗುರುವಾರ ನಿಮ್ಮ ಆರು ಜನರಲ್ಲಿ ನಾಲ್ವರು ವಸತಿಗೃಹಕ್ಕೆ ವಾಪಸು ಬಂದರಂತೆ, ನೀವಿಬ್ಬರು ಮಾತ್ರ ಮೇಲಿನ ಸಣ್ಣ ಕೆರೆ ನೋಡಿ ಬರುತ್ತೇವೆ ಎಂದು ಹೋದಿರಂತೆ. ಇದನ್ನು ನನಗೆ ಹೇಳಿದವರು ನಿಮ್ಮ ಗುಂಪಿನ ಹಲ್ಲಿನ ಡಾಕ್ಟರಮ್ಮ. ನನಗೆ ಧೈರ್ಯ ಹೇಳಲು, 'ಅವರಿಬ್ರೂ ಯಾವಾಗ್ಲೂ ಜೊತೇಲೇ ಇರ್ತಾರೆ ಸಾರ್, ಒಬ್ಬರನ್ನೊಬ್ಬರು ಬಿಡೋರಲ್ಲ, ನೀವು ಹೆದರ್ಬೇಡಿ' ಎಂದರು. ಅವರ ಬಾಯಿಗೆ ಹತ್ತಿ ತುರುಕಬೇಕು ಅನ್ನಿಸಿತು. ಆಗಿನಿಂದ ಊಟಕ್ಕೆ ಅವರ ಮೇಜನ್ನು ಬಿಟ್ಟು ಬೇರೆ ಮೇಜಿನಲ್ಲಿ ಕೂರುತ್ತಿದ್ದೇನೆ.

ಹುಡುಕಾಟದ ಅಧಿಕಾರಿ ಅಗಲ ಮುಖದ, ಮಾತು ಕಡಿಮೆಯ ಮನುಷ್ಯ. ಅವನ ಮಾತನ್ನು ನನಗೆ ತಿಳಿಸಿ ಹೇಳುವವಳು ಇಲ್ಲಿನ ಆಸ್ಪತ್ರೆಯ ಒಬ್ಬ ನರ್ಸ್, ನಮ್ಮ ಭಾಷೆಯ ಹುಡುಗಿ, ನನ್ನನ್ನು ಅಂಕಲ್ ಎನ್ನುತ್ತಾಳೆ. ಕಚೇರಿಯ ಗೋಡೆಗೆ ದೊಡ್ಡ ನಕ್ಷೆ ಅಂಟಿಸಿದ್ದಾರೆ. ಅದರಲ್ಲಿ ಎರಡು ಕಣಿವೆ, ಉತ್ತರದ್ದೊಂದು, ದಕ್ಷಿಣದ್ದೊಂದು. ಸೋಮವಾರ ಆಕಾಶ ತಿಳಿಯಾಗಿತ್ತು, ಹೆಲಿಕಾಪ್ಟರ್ ಹಾರುತ್ತಿತ್ತು. ಮಂಗಳವಾರದಿಂದ ಮೋಡ ಕವಿಯಿತು. ಸೋಮವಾರ, ಮಂಗಳವಾರ ಎರಡು ದಿನವೂ ಉತ್ತರದ ಕಣಿವೆಯಲ್ಲೇ ಹುಡುಕಿದರು. ಇವತ್ತು ಬೆಳಿಗ್ಗೆ ದಕ್ಷಿಣಕ್ಕೆ ತಿರುಗಿದರು, ಮಧ್ಯಾಹ್ನಕ್ಕೇ ಮೇಷ್ಟ್ರು ಸಿಕ್ಕಿದರು. ಎರಡು ದಿನ ಉತ್ತರಕ್ಕೆ ಯಾಕೆ ಹೋದರು ಎನ್ನುವುದನ್ನು ಆಮೇಲೆ ಬರೆಯುತ್ತೇನೆ.

ಮೂರು ಗಂಟೆಗೆ ಆಸ್ಪತ್ರೆಗೆ ಹೋಗಿ ಬಂದೆ. ಮೇಷ್ಟ್ರು ಅರ್ಧಕ್ಕೆ ಇಳಿದುಹೋಗಿದ್ದಾರೆ. ಗಡ್ಡ ಬೆಳೆದಿದೆ, ತುಟಿ ಒಡೆದಿದೆ. ನನ್ನನ್ನು ನೋಡಿ ಎದ್ದು ಕೂರಲು ಹೋದರು. 'ಕ್ಷಮಿಸಿ, ಅವರನ್ನ ಒಬ್ಬರನ್ನೇ ಬಿಟ್ಟು ಬಂದೆ' ಎಂದು ಮೂರು ಸಲ ಹೇಳಿದರು. ಕೆರೆಯ ಹತ್ತಿರ ಕಲ್ಲು ಉರುಳಿ ನಿನ್ನ ಕಾಲು ಸಿಕ್ಕಿಕೊಂಡಿದ್ದು, ಮಂಜಿನಲ್ಲಿ ದಾರಿ ತಪ್ಪಿದ್ದು, ಗುಡಿಸಲಿನವರೆಗೆ ಒಂದೂವರೆ ದಿನ ನಿನ್ನನ್ನು ಆನಿಸಿಕೊಂಡು, ಕೊನೆಗೆ ಹೊತ್ತುಕೊಂಡು ನಡೆದದ್ದು ಎಲ್ಲ ಹೇಳಿದರು. ನೀನು ಗುಡಿಸಲಲ್ಲಿ ನನ್ನ ವಿಷಯವೇ ಮಾತಾಡುತ್ತಿದ್ದೆಯಂತೆ. 'ನಮ್ಮನೆಯವರು ಸ್ಟೂಲು ಬಿಟ್ಟು ಬಂದ್ರು ಅಂದ್ರೆ ಪ್ರಪಂಚ ಮುಳುಗಿದೆ ಅಂತಾನೇ ಅರ್ಥ' ಎಂದು ನಕ್ಕೆಯಂತೆ. ನೀನು ಹಾಗಂದಿದ್ದು ಕೇಳಿ ನನಗೆ ಸಂತೋಷವಾಯಿತು. ಅದನ್ನು ಅವರ ಬಾಯಿಂದ ಕೇಳಬೇಕಾಯಿತಲ್ಲ ಎಂದು ಆ ಕ್ಷಣವೇ ಮತ್ತೆ ಹೊಟ್ಟೆ ಉರಿಯಿತು. ನಿನ್ನನ್ನು ಹೊತ್ತವರು ಅವರು, ಕೊನೆಯ ಬಿಸ್ಕತ್ತು ಬಿಟ್ಟುಕೊಟ್ಟವರು ಅವರು, ಜಾಕೆಟ್ಟು ಕೊಟ್ಟವರು ಅವರು. ಗಂಡ ಮಾಡಬೇಕಾದದ್ದನ್ನೆಲ್ಲ ಇನ್ನೊಬ್ಬರು ಮಾಡಿ ಮುಗಿಸಿದ ಮೇಲೆ ಕೃತಜ್ಞತೆ ಹೇಳುವುದು ಎಷ್ಟು ಕಷ್ಟ ಗೊತ್ತಾ. ಆದರೂ ಹೇಳಿದೆ. ಸಕ್ಕರೆ ಇಲ್ಲದ ಚಹಾ ತರಿಸಿ ಕೊಟ್ಟೆ.

ಇನ್ನು ನಿನ್ನ ವಿಷಯ. ಕಾಗದದ ಜೊತೆ ನಿನ್ನ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಓದುವ ಕನ್ನಡಕದ ಗಾಜು ಒಡೆದಿದೆ ಎಂದು ಮೇಷ್ಟ್ರು ಹೇಳಿದ್ದರಿಂದ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಇವರು ನಿನ್ನನ್ನು ಕೆಳಗೆ ತರುವವರೆಗೆ ಮಾತ್ರ ತಡೆದುಕೋ. ನೀನು ಬಂದ ಮೇಲೆ ಭಾನುವಾರ ಭಾನುವಾರ ನಾನೂ ಬರುತ್ತೇನೆ, ಪಾರ್ಕಿನ ಬೆಂಚಿನವರೆಗಾದರೂ. ಮೇಷ್ಟ್ರು ಬೇಕಾದರೆ ಜೊತೆಗೆ ಬರಲಿ, ನಾಲ್ಕು ಹೆಜ್ಜೆ ಹಿಂದೆ. ನಿನಗೆ ಎಲ್ಲ ಒಳ್ಳೆಯದಾಗಲಿ. ಬೆಚ್ಚಗಿರು. ಗಟ್ಟಿಯಾಗಿರು.

ಇಂತಿ ನಿನ್ನ,
ಸ್ಟೂಲಿನವನು

ತಾಜಾಕಲಂ: ಸಹಿ ಹಾಕಿದ ಮೇಲೆ ಕಾಗದ ಮಡಚಿಬಿಡೋಣ ಎಂದುಕೊಂಡಿದ್ದೆ. ಆಮೇಲೆ ಬರೆಯುತ್ತೇನೆ ಎಂದಿದ್ದನ್ನು ಬರೆಯದೆ ಕಳಿಸಿದರೆ ನೀನು ಪ್ರೂಫಿನಲ್ಲಿ ಹಿಡಿಯುತ್ತೀಯ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಧಿಕಾರಿ ನನ್ನ ಮುಂದೆ ಒಂದು ಫೋಟೋ ಇಟ್ಟ. ದಕ್ಷಿಣದ ಕಣಿವೆಯ ಮೇಲ್ತುದಿಯಲ್ಲಿ, ಕೆಸರಿನ ಮೇಲೆ ಬಿದ್ದ ಹೆಜ್ಜೆ ಗುರುತು. ಎರಡು ಜೊತೆ ಬೂಟು, ಒಂದಕ್ಕೊಂದು ತಾಗಿಕೊಂಡು, ಒಂದು ಕಡೆಯಂತೂ ಒಂದರ ಮೇಲೊಂದು. ಸಣ್ಣ ಬೂಟಿನ ಬಲ ಹಿಮ್ಮಡಿಯಲ್ಲಿ ಅರ್ಧಚಂದ್ರ, ನಾನು ಕೂರಿಸಿದ ಹಾಗೆಯೇ. ಡಾಕ್ಟರಮ್ಮ ಮತ್ತು ಉಳಿದ ಮೂವರು ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ನನ್ನ ತಲೆಯಲ್ಲಿ ಒಂದೇ ಮಾತು: ಇಷ್ಟು ಹತ್ತಿರ, ತೋಳಲ್ಲಿ ತೋಳು ಹಾಕಿಕೊಂಡು.

'ಅಂಕಲ್, ಇದು ಆಂಟೀದೇನಾ ಅಂತ ಕೇಳ್ತಿದಾರೆ,' ಎಂದಳು ನರ್ಸ್.

'ಅಲ್ಲ,' ಎಂದೆ. 'ಇದು ನನ್ನ ಕೆಲಸ ಅಲ್ಲ.'

ಅಧಿಕಾರಿ ವೈರ್‌ಲೆಸ್ ಎತ್ತಿ ಎರಡು ಮಾತು ಹೇಳಿದ. ಆ ಹೊತ್ತಿಗೆ ಹೆಲಿಕಾಪ್ಟರ್ ದಕ್ಷಿಣದ ಕಣಿವೆಯ ಮೇಲೇ ಇತ್ತು. ಅದನ್ನು ಉತ್ತರಕ್ಕೆ ಕಳಿಸಿದರು.

ಫೋಟೋದ ಪ್ರತಿಯನ್ನು ಕೇಳಿ ತಂದು ಎರಡು ದಿನ ಅದನ್ನೇ ನೋಡುತ್ತಾ ಕೂತೆ. ಎಷ್ಟು ಹತ್ತಿರ ನಡೆದಿದ್ದೀರಿ ಎಂದು ಬೆರಳಿಟ್ಟು ಅಳೆದೆ. ಇವತ್ತು ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಹೊಲಿಗೆ ನೋಡುವ ಭೂತಗನ್ನಡಿ ಹಿಡಿದೆ. ಸಣ್ಣ ಬೂಟಿನ ಎಡಗಾಲಿಗೆ ಹಿಮ್ಮಡಿಯ ಗುರುತೇ ಇರಲಿಲ್ಲ. ಬರೀ ತುದಿ, ಎಳೆದುಕೊಂಡು ಹೋದ ಗೆರೆ. ಪಕ್ಕದ ದೊಡ್ಡ ಬೂಟು ನಿನ್ನ ಕಡೆಯ ಅಂಚಿನಲ್ಲಿ ಕೆಸರಿಗೆ ಆಳವಾಗಿ ಇಳಿದಿತ್ತು, ಭಾರ ಹೊತ್ತವನ ಕಾಲು ಇಳಿಯುವ ಹಾಗೆ. ಗಿರಾಕಿಯ ಸವೆದ ಸೋಲ್ ನೋಡಿ ಅವನು ಯಾವ ಹೆಗಲಿಗೆ ಚೀಲ ಹಾಕುತ್ತಾನೆ ಎಂದು ಹೇಳುವವನು ನಾನು. ನನ್ನ ಹೆಂಡತಿ ಮುರಿದ ಕಾಲಿನಲ್ಲಿ ನಡೆದದ್ದು ನನಗೆ ಎರಡು ದಿನ ಕಾಣಲಿಲ್ಲ. ಕೋಟು ಹಾಕಿಕೊಳ್ಳದೆ ಕಚೇರಿಗೆ ಓಡಿ, ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡೆ. ಅಧಿಕಾರಿ ಬೈಯಲಿಲ್ಲ. ನರ್ಸ್ ಮಾತ್ರ ನನ್ನ ಮುಖ ನೋಡುವುದನ್ನು ಬಿಟ್ಟಳು.

ಆಸ್ಪತ್ರೆಯಲ್ಲಿ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು. 'ಸೋಮವಾರ ಹೆಲಿಕಾಪ್ಟರ್ ನಮ್ಮ ಕಡೆಗೇ ಬರ್ತಿತ್ತು. ಕ್ಯಾಪ್ಟನ್ ಬಾಗಿಲಿಗೆ ತೆವಳಿಕೊಂಡು ಬಂದು ಬಿಳಿ ಶಾಲು ಬೀಸಿದ್ರು. ಅಷ್ಟರಲ್ಲಿ ಅದು ತಿರುಗಿ ಹೊರಟೋಯ್ತು. ಯಾಕೆ ಅಂತ ನಿಮಗೇನಾದ್ರೂ ಗೊತ್ತಾಯ್ತಾ?' ನಾನು ಚಹಾ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ. ಅದು ಬರುವುದಿಲ್ಲ ಎಂದಾದ ಮೇಲೆಯೇ ಅವರು ನಿನ್ನನ್ನು ಬಿಟ್ಟು ಇಳಿದಿದ್ದು. ಅವರಿಗೂ ಹೇಳುತ್ತೇನೆ. ಮೊದಲು ನಿನಗೆ ಹೇಳಬೇಕಿತ್ತು.

ಬೂಟಿನ ಒಳಗೆ ನಿನ್ನ ಎಡಗಾಲು ಊದಿಕೊಂಡಿರುತ್ತದೆ. ಯಾರೂ ಎಳೆದು ಬಿಚ್ಚುವುದು ಬೇಡ. ನನ್ನ ಕೈಕೆಲಸ ಹಾಳಾಗುತ್ತದೆ ಎಂದು ನೀನೂ ತಡೆಯಬೇಡ. ಹಿಂಭಾಗದ ಹೊಲಿಗೆಯ ಉದ್ದಕ್ಕೂ ಮೇಲಿನಿಂದ ಕೆಳಗೆ ಕೊಯ್ದರೆ ನೋವಾಗದೆ ಬಿಚ್ಚಿಕೊಳ್ಳುತ್ತದೆ. ಎಲ್ಲಿ ಚಾಕು ಹಾಕಬೇಕೆಂದು ಚಿತ್ರ ಬರೆದು ತಂಡದ ನಾಯಕನಿಗೆ ಕೊಟ್ಟಿದ್ದೇನೆ. ಚಿತ್ರದಲ್ಲಿ ಎರಡೂ ಬೂಟು ಇವೆ, ಬಲ ಹಿಮ್ಮಡಿಯಲ್ಲಿ ಅರ್ಧಚಂದ್ರ. ಚಿತ್ರದ ಕೆಳಗೆ, ಇದು ನನ್ನ ಕೆಲಸ ಎಂದು ಬರೆದು ಸಹಿ ಹಾಕಿದ್ದೇನೆ.